ಹಸಿರು ದಾರದ ಮರಿ: ಒಬ್ಬ ಬ್ರೀಡರ್ ಸೇವೆಯ ಕುರಿತು

ಲ್ಯಾಬ್ರಡಾರ್ ಮರಿಗಾಗಿ ಒಬ್ಬ ಬ್ರೀಡರ್ ಅವರಿಗೆ ಮುಂಗಡ ಕೊಟ್ಟು ಐದು ವಾರ ಕಾದಿದ್ದೆವು. ಮರಿ ಮನೆಗೆ ಬರಲು ಮೂರೇ ದಿನ ಉಳಿದಿದ್ದಾಗ ಅವರು ಕರೆ ಮಾಡಿ, ಆ ಮರಿಯನ್ನು ತಾವೇ ಇಟ್ಟುಕೊಳ್ಳಲು ತೀರ್ಮಾನಿಸಿರುವುದಾಗಿ ತಿಳಿಸಿದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುಂಗಡ ಕೊಡಲು ಹೊರಟಿರುವ ಇತರರಿಗೆ ನಮ್ಮ ಅನುಭವ ನೆರವಾಗಲಿ ಎಂಬುದಷ್ಟೇ ನನ್ನ ಉದ್ದೇಶ.

ಮೊದಲು ಅವರಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸುತ್ತೇನೆ. ತಾಯಿನಾಯಿಯನ್ನು ನಾವು ಕೇಳುವ ಮೊದಲೇ ತೋರಿಸಿದರು. ಈ ತಳಿಯಲ್ಲಿ ಸೊಂಟದ ಮತ್ತು ಮೊಣಕೈಯ ಕೀಲುಗಳ ತೊಂದರೆ ವಂಶದಲ್ಲಿ ಹರಿದು ಬರುವುದುಂಟಾದ್ದರಿಂದ, ತಂದೆತಾಯಿ ಎರಡರ ಎಕ್ಸ್‌ರೇ ವರದಿಗಳನ್ನೂ ಮುಂದಿಟ್ಟರು. ಎರಡನೇ ವಾರದಿಂದಲೇ ಕೊಟ್ಟ ಜಂತುಹುಳುವಿನ ಔಷಧದ ಲೆಕ್ಕ ಅವರ ಪುಸ್ತಕದಲ್ಲಿತ್ತು. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರ್ಪಡಿಸುವುದಿಲ್ಲವೆಂದು ಖಚಿತವಾಗಿ ಹೇಳಿದರು. ಮರಿಗಳ ಆರೈಕೆಯಲ್ಲಿ ನಾನು ಒಂದು ಕೊರತೆಯನ್ನೂ ಕಾಣಲಿಲ್ಲ.

ತಪ್ಪಿದ್ದು ಬೇರೆ ಕಡೆ. ಮರಿಗಳಿಗೆ ಮೂರು ವಾರವಾಗಿದ್ದಾಗ ನಾವು ಹೋಗಿದ್ದೆವು. ಕಣ್ಣು ತೆರೆದು ಒಂದು ವಾರವಷ್ಟೇ ಆಗಿತ್ತು. ನಾಲ್ಕು ಹೆಜ್ಜೆ ಇಟ್ಟರೆ ಐದನೆಯದಕ್ಕೆ ಮಗುಚಿ ಬೀಳುತ್ತಿದ್ದವು. ಗುರುತಿಗೆಂದು ಕೊರಳಿಗೆ ಹಸಿರು ದಾರ ಕಟ್ಟಿದ್ದ ಹೆಣ್ಣುಮರಿಯೊಂದನ್ನು ಎತ್ತಿ ನನ್ನ ಮಗಳ ಮಡಿಲಲ್ಲಿಟ್ಟು, ‘ಇದು ನಿನ್ನದೇ’ ಎಂದರು. ತಾಯಿಯ ವಾಸನೆ ಹಿಡಿಯಲೆಂದು ನಾವು ಕೊಟ್ಟಿದ್ದ ಹಳೆಯ ಟವೆಲನ್ನು ಮರಿಗಳ ಹಾಸಿಗೆಯಲ್ಲಿ ಹಾಸಿದರು. ಆಮೇಲೆ ವಾರಕ್ಕೊಂದು ವಿಡಿಯೊ ಬರುತ್ತಿತ್ತು. ಹಸಿರು ದಾರದ ಮರಿ ತನ್ನ ಒಡಹುಟ್ಟಿದ ಮರಿಯ ಬೆನ್ನ ಮೇಲೆ ಗದ್ದ ಊರಿ ಮಲಗುವುದನ್ನು ಮಗಳು ಎಷ್ಟು ಸಲ ನೋಡಿದಳೋ ಲೆಕ್ಕವಿಲ್ಲ. ಆ ಮರಿಗೆ ಹೆಸರನ್ನೂ ಇಟ್ಟಾಗಿತ್ತು.

ಶ್ರದ್ಧೆಯಿಂದ ತಳಿ ಬೆಳೆಸುವವರು ಒಂದು ಸೂಲಿನ ಒಳ್ಳೆಯ ಮರಿಯನ್ನು ಮುಂದಿನ ಪೀಳಿಗೆಗಾಗಿ ತಮ್ಮಲ್ಲೇ ಉಳಿಸಿಕೊಳ್ಳುವುದು ಸಹಜ, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಮರಿಯ ಮೈಕಟ್ಟು, ನಡಿಗೆ, ಸ್ವಭಾವಗಳ ಅಂದಾಜು ಸಿಗುವುದು ಏಳೆಂಟು ವಾರಗಳ ಹೊತ್ತಿಗೆ ಎಂಬುದು ಈ ಕೆಲಸದಲ್ಲಿರುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಹೀಗಿರುವಾಗ ಮೂರನೇ ವಾರದಲ್ಲೇ ಇಂಥದ್ದೇ ಮರಿ ಎಂದು ಮಾತು ಕೊಟ್ಟದ್ದು ತಪ್ಪು. ‘ಈ ಸೂಲಿನಲ್ಲಿ ನಿಮಗೊಂದು ಹೆಣ್ಣುಮರಿ ಖಂಡಿತ, ಯಾವುದೆಂದು ಎಂಟನೇ ವಾರದಲ್ಲಿ ಹೇಳುತ್ತೇವೆ’ ಎಂದಿದ್ದರೆ ನಾವು ಅಷ್ಟೇ ಸಂತೋಷದಿಂದ ಕಾಯುತ್ತಿದ್ದೆವು. ಆರನೇ ವಾರದಲ್ಲೇ ಅವರ ಮನಸ್ಸು ಆ ಕಡೆ ವಾಲಿತ್ತೆಂದು ಅವರೇ ಮಾತಿನ ನಡುವೆ ಹೇಳಿದರು. ಅದಾದ ಮೇಲೂ ಎಂದಿನಂತೆ ‘ನಿಮ್ಮ ಮರಿ’ ಎಂಬ ಸಾಲಿನೊಂದಿಗೆ ವಿಡಿಯೊ ಬಂದಿತ್ತು. ಮರಿ ಕೈತಪ್ಪಿದ್ದಕ್ಕಿಂತ ಹೆಚ್ಚಾಗಿ ಇದು ನನ್ನನ್ನು ನೋಯಿಸಿದೆ.

ಬದಲಿಗೆ ಹಳದಿ ದಾರದ ಮರಿಯನ್ನು ಕೊಡುವುದಾಗಿ ಹೇಳಿ, ಸಂಜೆಯೊಳಗೆ ಉತ್ತರ ಕೇಳಿದರು. ಎರಡು ದಿನ ಸಮಯ ಬೇಡಿದರೆ ಒಪ್ಪಲಿಲ್ಲ. ನಾವು ಬೇಡವೆಂದೆವು. ಮತ್ತೊಂದು ಮರಿಯ ನೆನಪಿನಲ್ಲಿ ಅಳೆಯಲ್ಪಡುತ್ತ ಬೆಳೆಯುವುದು ಆ ಮರಿಗೂ ನ್ಯಾಯವಲ್ಲವೆಂದು ನನಗೆ ಅನಿಸಿತು. ಮುಂಗಡ ಪೂರ್ತಿಯಾಗಿ ಮರುದಿನವೇ ವಾಪಸು ಬಂತು.

‘ನಾಯಿಮರಿ ತಾನೇ, ಇನ್ನೊಂದು ಸಿಗುತ್ತದೆ ಬಿಡಿ’ ಎಂದು ಸಮಾಧಾನ ಹೇಳಿದವರು ಬಹಳ. ಆ ಮಾತು ನಮಗೆ ಹಿಡಿಸಲಿಲ್ಲ. ಮನೆಗೆ ಬಾರದ ಪ್ರಾಣಿಗಾಗಿ ಅಳುವುದು ನಾಚಿಕೆಯ ವಿಷಯವಲ್ಲ, ಐದು ವಾರ ಅದಕ್ಕಾಗಿ ದಿನ ಎಣಿಸಿದ್ದೆವು. ‘ನಾವು ಅದಕ್ಕೆ ಇಷ್ಟವಾಗಲಿಲ್ಲವಾ ಅಪ್ಪ?’ ಎಂದು ಮಗಳು ಕೇಳಿದಾಗ, ಇದು ದೊಡ್ಡವರ ತೀರ್ಮಾನ, ಮರಿಗೆ ಇದಾವುದೂ ತಿಳಿಯದು ಎಂದು ನಡೆದದ್ದನ್ನು ನಡೆದಂತೆ ಹೇಳಿದೆ. ಖಾಲಿ ಬಟ್ಟಲನ್ನೂ ಬೆಲ್ಟನ್ನೂ ಅವಳೇ ಒಂದು ಪೆಟ್ಟಿಗೆಯಲ್ಲಿ ಜೋಡಿಸಿಟ್ಟಳು.

ಆ ವಾರ ನಾನೊಂದು ತಪ್ಪು ಮಾಡುವುದರಲ್ಲಿದ್ದೆ. ಮಗಳ ಮುಖ ನೋಡಲಾಗದೆ, ಐದೇ ವಾರದ ಮರಿಯನ್ನು ಆ ಕ್ಷಣವೇ ಕೊಡುತ್ತೇನೆಂದ ಇನ್ನೊಬ್ಬರಿಗೆ ಹಣ ಕಳಿಸಲು ಕೂತಿದ್ದೆ. ತಾಯಿಯನ್ನು ತೋರಿಸಿ ಎಂದಾಗ ಅವರು ಮಾತು ತೇಲಿಸಿದರು, ಅಲ್ಲಿಗೆ ಕೈಬಿಟ್ಟೆ. ಕಚ್ಚುವಾಗ ಎಷ್ಟು ಬಲ ಹಾಕಬೇಕೆಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಆಡುತ್ತಲೇ. ಅಷ್ಟು ಬೇಗ ಕಿತ್ತು ತಂದ ಮರಿ ಆ ಪಾಠವನ್ನು ಕಳೆದುಕೊಳ್ಳುತ್ತದೆ. ಹತ್ತು ಹನ್ನೆರಡು ವರ್ಷ ಜೊತೆಗಿರುವ ಜೀವವನ್ನು ದುಃಖದ ಅವಸರದಲ್ಲಿ ಆರಿಸಬಾರದು.

ಬ್ರೀಡರ್ ಬಳಿಗೆ ಹೋಗುವವರು ಯಾವ ಮರಿ, ಯಾವಾಗ ನಿರ್ಧಾರ, ಅವರೇ ಇಟ್ಟುಕೊಂಡರೆ ಮುಂದೇನು ಎಂಬುದನ್ನು ಮುಂಗಡಕ್ಕೆ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಮುಂದಿನ ಸೂಲಿನಲ್ಲಿ ಮೊದಲ ಆಯ್ಕೆ ನಮಗೇ ಎಂದು ನಮ್ಮ ಬ್ರೀಡರ್ ಹೇಳಿದ್ದಾರೆ, ನಾವು ಇನ್ನೂ ಉತ್ತರಿಸಿಲ್ಲ. ಟವೆಲನ್ನು ಒಗೆಯದೆ ಹಾಗೆಯೇ ಕಳಿಸಿಕೊಟ್ಟಿದ್ದರು. ಮಗಳು ಅದನ್ನು ಪೆಟ್ಟಿಗೆಗೆ ಹಾಕಲು ಬಿಡಲಿಲ್ಲ, ತನ್ನ ದಿಂಬಿನ ಪಕ್ಕದಲ್ಲಿಟ್ಟುಕೊಂಡಿದ್ದಾಳೆ.