ತೋಳಿಗೆ ಕಟ್ಟುವ ಬಿಪಿ ಯಂತ್ರ: ಕೊಳ್ಳುವ ಮೊದಲು ತೋಳಿನ ಅಳತೆ ತೆಗೆಯಿರಿ

ಕಾರವಾರ, ಕುಮಟಾ, ಶಿರಸಿಯ ಮೆಡಿಕಲ್ ಶಾಪುಗಳಲ್ಲಿ ಒಂದೂವರೆಯಿಂದ ಎರಡೂವರೆ ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುವ ಆಟೋಮ್ಯಾಟಿಕ್ ಬಿಪಿ ಯಂತ್ರ, ನಲವತ್ತು ದಾಟಿದವರಿರುವ ಮನೆಗೆ ಬೇಕಾದ ಸಾಮಾನೇ. ಏರಿದ ರಕ್ತದೊತ್ತಡ ನೋಯುವುದಿಲ್ಲ, ಅಳೆಯದೆ ತಿಳಿಯುವುದೂ ಇಲ್ಲ. ಮಣಿಕಟ್ಟಿಗೆ ಕಟ್ಟುವ ಮಾದರಿ ಬೇಡ. ನೋಡಲು ಚೆಂದ, ಆದರೆ ಕೈ ಎದೆಯ ಮಟ್ಟದಿಂದ ತುಸು ಜಾರಿದರೂ ಅಂಕಿ ಬದಲಾಗುತ್ತದೆ.

ಯಂತ್ರಕ್ಕಿಂತ ಮುಖ್ಯ ತೋಳಿಗೆ ಸುತ್ತುವ ಅದರ ಪಟ್ಟಿ. ಹೆಚ್ಚಿನವುಗಳ ಜೊತೆ ಬರುವುದು 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿನದು. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಇಲ್ಲದ ಬಿಪಿ ಕಾಣುತ್ತದೆ. ಸಣಕಲು ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಇರುವ ಬಿಪಿ ಅಡಗುತ್ತದೆ. ದರ್ಜಿಯ ಟೇಪಿನಿಂದ ಭುಜ-ಮೊಣಕೈ ನಡುವೆ ಅಳೆದುಕೊಂಡು ಹೋಗಿ. 32 ದಾಟಿದ್ದರೆ 22–42ರ ಪಟ್ಟಿ ಕೇಳಿ, ಆದರೆ ಅದೇ ಕಂಪನಿಯದಿರಲಿ. ನೀವು ಕೊಳ್ಳುವ ಮಾದರಿ ನಿಖರತೆಯ ಪರೀಕ್ಷೆಗೆ ಒಳಪಟ್ಟಿದೆಯೇ ಎಂಬುದು, ಅಂಥ ಪರೀಕ್ಷೆ ಗೆದ್ದ ಯಂತ್ರಗಳ ಹೆಸರು ಕೊಡುವ ಸ್ಟ್ರೈಡ್ ಬಿಪಿ ಜಾಲತಾಣದಲ್ಲಿ ಸಿಗುತ್ತದೆ. ಡಬ್ಬಿಯ ಮೇಲಿನ ಹೊಗಳಿಕೆಗಿಂತ ಅದು ನಂಬಿಕೆಗೆ ಅರ್ಹ.

“ಒಂದೊಂದು ಸಲ ಒಂದೊಂದು ತೋರಿಸ್ತದೆ” ಎಂಬ ದೂರಿನಲ್ಲಿ ಯಂತ್ರದ ತಪ್ಪು ಕಡಿಮೆ, ಕೂರುವ ರೀತಿಯದೇ ಹೆಚ್ಚು. ಮೂತ್ರ ಮಾಡಿ ಬಂದು, ಬೆನ್ನಿಗೆ ಆಧಾರವಿರುವ ಕುರ್ಚಿಯಲ್ಲಿ ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ಅಂಗಿಯ ಮೇಲೆ ಕಟ್ಟಬಾರದು. ಪಟ್ಟಿಯ ಕೆಳಅಂಚು ಮೊಣಕೈ ಮಡಿಕೆಗಿಂತ ಎರಡು ಸೆಂ.ಮೀ. ಮೇಲಿರಲಿ, ಒಳಗೆ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಕೈ ಮೇಜಿನ ಮೇಲೆ, ಎದೆಯ ಮಟ್ಟದಲ್ಲಿ; ಹತ್ತು ಸೆಂ.ಮೀ. ಕೆಳಗೆ ಜೋತುಬಿದ್ದರೆ ಏಳೆಂಟು ಅಂಕಿ ಹೆಚ್ಚು ಬರುತ್ತದೆ. ಅರ್ಧ ಗಂಟೆ ಮೊದಲು ಚಹಾ, ಕಾಫಿ, ಬೀಡಿ ಇಲ್ಲ. ತಂಬಾಕು ಹಾಕಿದ ಕವಳವೂ ಇಲ್ಲ, ಘಟ್ಟದ ಮೇಲಿನವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಳೆಯುವಾಗ ಮಾತೂ ಬೇಡ.

ಬೆಳಿಗ್ಗೆ ಮಾತ್ರೆ ಮತ್ತು ತಿಂಡಿ ಎರಡಕ್ಕೂ ಮೊದಲು ಎರಡು ಸಲ ಅಳೆಯಿರಿ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಡುವು. ಹೀಗೆ ಏಳು ದಿನ ಬರೆದು, ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಹೆಚ್ಚಿದ್ದರೆ ಡಾಕ್ಟರಿಗೆ ಆ ಹಾಳೆ ತೋರಿಸಿ. ಮಾತ್ರೆ ನೀವೇ ಹೆಚ್ಚು-ಕಡಿಮೆ ಮಾಡಬೇಡಿ. ಅನಿಯಮಿತ ನಾಡಿಯ ಚಿಹ್ನೆ ಮತ್ತೆ ಮತ್ತೆ ಬಂದರೆ ಇಸಿಜಿ ಬೇಕು. ಇದೇ ಹಾಳೆ ಇನ್ನೊಂದನ್ನೂ ಹೇಳುತ್ತದೆ: ಗಂಜಿಗೆ ಒಣಮೀನು, ಊಟಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ ಕಡಿಮೆ ಮಾಡಿದ ವಾರಗಳಲ್ಲಿ ಎಷ್ಟೋ ಜನರ ಅಂಕಿ ಇಳಿಯುತ್ತದೆ. ದಿನಕ್ಕೆ ಎಲ್ಲಾ ಸೇರಿ ಉಪ್ಪು ಐದು ಗ್ರಾಂ, ಅಂದರೆ ಒಂದು ಚಹಾ ಚಮಚ, ದಾಟಬಾರದು.

ಕರಾವಳಿಯ ಉಪ್ಪುಗಾಳಿಗೆ, ಮಳೆಗಾಲದ ಥಂಡಿಗೆ ಸೆಲ್ ಕೂರುವ ಲೋಹದ ಪಟ್ಟಿಗಳು ಹಸಿರುಗಟ್ಟುತ್ತವೆ. ಬಳಸದಿದ್ದಾಗ ಸೆಲ್ ತೆಗೆದು, ಮುಚ್ಚಳದ ಡಬ್ಬಿಯಲ್ಲಿಡಿ. ಗಾಳಿ ತುಂಬದೆ ಎರರ್ ಬಂದರೆ ಮೊದಲು ಸೆಲ್, ಆಮೇಲೆ ಕೊಳವೆಯ ತುದಿ ನೋಡಿ. ವರ್ಷಕ್ಕೊಮ್ಮೆ ಆಸ್ಪತ್ರೆಯ ಯಂತ್ರದ ಜೊತೆ ತಾಳೆ ನೋಡುವುದೂ ಒಳ್ಳೆಯದು.

ಈ ಬಿಪಿ ಯಂತ್ರ ಮಾಡಲಾಗದ ಕೆಲಸ ಒಂದಿದೆ: ಹೃದಯಾಘಾತವನ್ನು ಗುರುತಿಸುವುದು. ಎದೆ ಹಿಂಡಿದಂತಾಗಿ ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು, ಉಸಿರುಕಟ್ಟು ಇದ್ದಾಗ ಬಿಪಿ 120/80 ತೋರಿಸಿದರೂ ಸಮಾಧಾನಪಡುವಂತಿಲ್ಲ. ಮಧುಮೇಹಿಗಳಲ್ಲಿ, ಹೆಂಗಸರಲ್ಲಿ ಬರೀ ಸುಸ್ತು, ವಾಕರಿಕೆಯೂ ಇರಬಹುದು. ಅದನ್ನು ಗ್ಯಾಸ್ ಎಂದು ಸೋಡಾ ಕುಡಿಸಿ ಹೊತ್ತು ಕಳೆಯುತ್ತಾರೆ. ಯಂತ್ರ ಪಕ್ಕಕ್ಕಿಟ್ಟು 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ಶಿರಸಿಯಿಂದ ದೊಡ್ಡ ಆಸ್ಪತ್ರೆಗಳಿರುವ ಹುಬ್ಬಳ್ಳಿ ಸುಮಾರು ನೂರು ಕಿ.ಮೀ. ಇರುವಾಗ, ಅದು ನಿಮ್ಮ ತಾಲೂಕು ಆಸ್ಪತ್ರೆಯಲ್ಲೇ ಸಿಗುತ್ತದೆಯೇ ಎಂದು ಯಂತ್ರ ಕೊಂಡ ದಿನವೇ ವಿಚಾರಿಸಿಟ್ಟುಕೊಳ್ಳಿ.