ಮೇಜಿನ ಕೆಳಗಿನ ಬಾಂಬು: ಹಿಚ್‌ಕಾಕ್–ಟ್ರೂಫೋ ಸಂಭಾಷಣೆಯ ಪುಸ್ತಕ

ಚಲನಚಿತ್ರ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಅವರ ಜೀವನಚರಿತ್ರೆಗಳಿಗೆ ಕೊರತೆಯಿಲ್ಲ. ಆದರೂ ಅವರ ಬದುಕು ಮತ್ತು ಕಸುಬನ್ನು ಒಟ್ಟಿಗೆ ಅರಿಯಬಯಸುವವರಿಗೆ ನಾನು ಮೊದಲು ಸೂಚಿಸುವುದು ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ಟ್ರೂಫೋ ಸಿದ್ಧಪಡಿಸಿದ ಈ ಸಂಭಾಷಣೆಯ ಸಂಪುಟವನ್ನೇ. 1962ರ ಆಗಸ್ಟ್‌ನಲ್ಲಿ ಯೂನಿವರ್ಸಲ್ ಸ್ಟುಡಿಯೋದಲ್ಲಿ, ಹೆಲೆನ್ ಸ್ಕಾಟ್ ದುಭಾಷಿಯಾಗಿ ನಡುವೆ ಕುಳಿತು ನಡೆಸಿಕೊಟ್ಟ ಈ ಮಾತುಕತೆ 1966ರಲ್ಲಿ ಫ್ರೆಂಚಿನಲ್ಲೂ ಮರುವರ್ಷ ಇಂಗ್ಲಿಷಿನಲ್ಲೂ ಪ್ರಕಟವಾಯಿತು. ನಾನು ಓದಿದ್ದು ಪರಿಷ್ಕೃತ ಇಂಗ್ಲಿಷ್ ಆವೃತ್ತಿ.

ಆಗ ಟ್ರೂಫೋಗೆ ಮೂವತ್ತು ವರ್ಷ, ಹಿಚ್‌ಕಾಕ್ ಅರವತ್ಮೂರಕ್ಕೆ ಕಾಲಿಡುತ್ತಿದ್ದರು. ಅಮೆರಿಕದ ವಿಮರ್ಶಕರಲ್ಲಿ ಹಲವರು ಅವರನ್ನು ಜನರನ್ನು ಬೆಚ್ಚಿಬೀಳಿಸುವ ಜಾಣ ಮನರಂಜನೆಗಾರನೆಂದಷ್ಟೇ ಎಣಿಸುತ್ತಿದ್ದ ಕಾಲವದು. ಆ ಅಭಿಪ್ರಾಯವನ್ನು ಬದಲಿಸಲೆಂದೇ ಟ್ರೂಫೋ ಈ ಕೆಲಸಕ್ಕೆ ಕೈಹಾಕಿದರು. ಲಂಡನ್ನಿನ ತರಕಾರಿ ವ್ಯಾಪಾರಿಯ ಮಗ, ತಂದೆ ಕೊಟ್ಟ ಚೀಟಿ ಹಿಡಿದು ಪೊಲೀಸ್ ಠಾಣೆಗೆ ಹೋಗಿ ಕೆಲವು ನಿಮಿಷ ಕೊಠಡಿಯಲ್ಲಿ ಬಂಧಿಯಾದ ಪ್ರಸಿದ್ಧ ಕಥೆಯಿಂದ ಮಾತು ಆರಂಭವಾಗುತ್ತದೆ. ಅಲ್ಲಿಂದ ಮೂಕಿ ಚಿತ್ರಗಳಿಗೆ ಶೀರ್ಷಿಕೆ ಫಲಕ ಬರೆದ ದಿನಗಳು, 1939ರಲ್ಲಿ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಕರೆಗೆ ಹಾಲಿವುಡ್ ಸೇರಿದ್ದು ಹೀಗೆ ಚಿತ್ರದಿಂದ ಚಿತ್ರಕ್ಕೆ ಸಾಗುತ್ತದೆ.

ಪುಸ್ತಕದ ನಿಜವಾದ ಬೆಲೆ ಇರುವುದು ಕಸುಬಿನ ವಿವರಗಳಲ್ಲಿ. ಹಿಚ್‌ಕಾಕ್ ಹೇಳುವಂತೆ, ಮೇಜಿನ ಕೆಳಗೆ ಬಾಂಬು ಇರುವುದು ಯಾರಿಗೂ ತಿಳಿಯದೆ ಅದು ಸಿಡಿದರೆ ಪ್ರೇಕ್ಷಕನಿಗೆ ದೊರೆಯುವುದು ಹದಿನೈದು ಸೆಕೆಂಡುಗಳ ಬೆರಗು. ಬಾಂಬಿನ ವಿಷಯ ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದು, ಮೇಜಿನ ಸುತ್ತ ಕುಳಿತವರು ಲೋಕಾಭಿರಾಮವಾಗಿ ಹರಟುತ್ತಿದ್ದರೆ ಹದಿನೈದು ನಿಮಿಷಗಳ ಕಾತರ. ಸಸ್ಪೆನ್ಸ್ ಕುರಿತು ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಓದಿಲ್ಲ. 1941ರ 'ಸಸ್ಪಿಷನ್' ಚಿತ್ರದಲ್ಲಿ ಮೆಟ್ಟಿಲೇರುವ ನಾಯಕನ ಕೈಯಲ್ಲಿನ ಹಾಲಿನ ಲೋಟ ಕತ್ತಲಲ್ಲಿ ಬೆಳಗುವಂತೆ ಅದರೊಳಗೆ ಬಲ್ಬ್ ಇಟ್ಟದ್ದನ್ನೂ ಅವರು ಅಡುಗೆಯ ಗುಟ್ಟು ಹೇಳುವ ನಿರಾಳತೆಯಲ್ಲಿ ಬಿಚ್ಚಿಡುತ್ತಾರೆ. ತಪ್ಪುಗಳನ್ನೂ ಮುಚ್ಚಿಡುವುದಿಲ್ಲ: 'ಸಬೊಟಾಜ್'ನಲ್ಲಿ ತನಗರಿವಿಲ್ಲದೆ ಬಾಂಬು ಹೊತ್ತೊಯ್ಯುವ, ಪ್ರೇಕ್ಷಕರು ಅಷ್ಟರಲ್ಲಾಗಲೇ ಮಮತೆ ಬೆಳೆಸಿಕೊಂಡಿದ್ದ ಹುಡುಗನನ್ನು ಸಾಯಿಸಿದ್ದು ಪ್ರಮಾದವಾಯಿತೆಂದು ಒಪ್ಪುತ್ತಾರೆ. ಇದೇ ಪ್ರಾಮಾಣಿಕತೆ ಖಾಸಗಿ ಬದುಕಿನ ವಿಷಯದಲ್ಲಿಲ್ಲ. ಅಲ್ಲಿ ಅವರು ಹಲವು ಬಾರಿ ಹೇಳಿ ಹದಗೊಂಡ ಕಥೆಗಳನ್ನೇ ಮತ್ತೆ ಹೇಳುತ್ತಾರೆ, ಟ್ರೂಫೋ ಶಿಷ್ಯನ ವಿನಯದಿಂದ ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ.

ನನಗೆ ಹೆಚ್ಚು ಬೇಸರ ತಂದದ್ದು ಹಿಚ್‌ಕಾಕ್ ಪತ್ನಿ ಆಲ್ಮಾ ರೆವಿಲ್ ಅವರಿಗೆ ದೊರೆತ ಅಲ್ಪ ಸ್ಥಾನ. ಸಂಕಲನ ಬಲ್ಲವರಾಗಿ, ಚಿತ್ರಕಥೆಗಾರ್ತಿಯಾಗಿ ದಶಕಗಳ ಕಾಲ ಪತಿಯ ಜೊತೆ ದುಡಿದವರು ಈ ಪುಟಗಳಲ್ಲಿ ಹಿನ್ನೆಲೆಯಲ್ಲೇ ಉಳಿಯುತ್ತಾರೆ. ನಟಿ ಟಿಪ್ಪಿ ಹೆಡ್ರನ್ ನಂತರದ ವರ್ಷಗಳಲ್ಲಿ ಹಿಚ್‌ಕಾಕ್ ವಿರುದ್ಧ ಬಹಿರಂಗವಾಗಿ ಮಾಡಿದ ಕಿರುಕುಳದ ಆರೋಪಗಳೂ ಇಲ್ಲಿಲ್ಲ. ಅದಕ್ಕೆ ಬೇರೆ ಪುಸ್ತಕಗಳನ್ನೇ ಹುಡುಕಬೇಕು.

ಸಿನಿಮಾ ದೃಶ್ಯಗಳ ಸ್ಥಿರಚಿತ್ರಗಳ ಸರಣಿ ಪುಸ್ತಕದ ಹೆಗ್ಗಳಿಕೆ. ಒಂದು ದೃಶ್ಯದ ಕಟ್ಟಡ ಇಟ್ಟಿಗೆ ಇಟ್ಟಿಗೆಯಾಗಿ ಕಾಣುತ್ತದೆ. ಆದರೆ ನನ್ನ ಪ್ರತಿಯಲ್ಲಿ ಎಲ್ಲವೂ ಕಪ್ಪುಬಿಳುಪು, ಹೀಗಾಗಿ 1958ರ 'ವರ್ಟಿಗೋ'ದ ಹಸಿರು ಬೆಳಕಿನ ಕುರಿತ ಮಾತನ್ನು ಓದಿದವರು ಚಿತ್ರವನ್ನೇ ಹಾಕಿ ನೋಡದೆ ವಿಧಿಯಿಲ್ಲ.

ಪರಿಷ್ಕರಣೆಯಲ್ಲಿ ಸೇರಿದ ಕೊನೆಯ ಅಧ್ಯಾಯದಲ್ಲಿ ಟ್ರೂಫೋ ಒಬ್ಬರೇ ಮಾತನಾಡುತ್ತಾರೆ. ನಿರ್ದೇಶನಕ್ಕಾಗಿ ಐದು ಬಾರಿ ನಾಮನಿರ್ದೇಶನಗೊಂಡೂ ಸ್ಪರ್ಧೆಯ ಆಸ್ಕರ್ ಕೈಗೆಟುಕದ ಹಿಚ್‌ಕಾಕ್, 1976ರ 'ಫ್ಯಾಮಿಲಿ ಪ್ಲಾಟ್' ನಂತರ ಇನ್ನೊಂದು ಚಿತ್ರಕ್ಕೆ ತಯಾರಿ ನಡೆಸುತ್ತಲೇ ದೇಹ ಸೋತು, 1980ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆ ಪುಟಗಳಲ್ಲಿ ಭಕ್ತಿ ಹಿಂದೆ ಸರಿದು ಗೆಳೆತನ ಕಾಣಿಸುತ್ತದೆ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಆಪ್ತವೆನಿಸಿದ ಭಾಗವಿದು.

ಕೊಳ್ಳುವವರಿಗೆ ಒಂದು ಎಚ್ಚರಿಕೆ: ಇಲ್ಲಿ ಕಥೆಗಳ ಅಂತ್ಯವನ್ನು ಯಾವ ಮುಲಾಜೂ ಇಲ್ಲದೆ ಚರ್ಚಿಸಲಾಗಿದೆ. 'ಸೈಕೋ' ಇನ್ನೂ ನೋಡದವರು ಆ ಪುಟಗಳಿಗೆ ಬರುವ ಮೊದಲು ಪುಸ್ತಕ ಮುಚ್ಚಿಟ್ಟು ಚಿತ್ರ ನೋಡಿ ಬರುವುದು ಒಳ್ಳೆಯದು.