"ಮಿಂಟ್ ಸೀಲ್ಡ್ ಬಾಕ್ಸ್" ಅಂತ ನಂಬಿಸಿ ಸಿಲ್ವರ್ ಈಗಲ್ ಮಾರುವವರಿದ್ದಾರೆ, ಹುಷಾರು!

ಅಮೆರಿಕದಲ್ಲಿದ್ದು ನಾಣ್ಯ ಕೂಡಿಡುವ ಕನ್ನಡಿಗರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಹಳೆ ವರ್ಷದ, ಅಮೆರಿಕ ಸರ್ಕಾರದ ಟಂಕಸಾಲೆ (ಮಿಂಟ್) ಹೊರಡಿಸಿದ ಬೆಳ್ಳಿ ನಾಣ್ಯ ಸಿಲ್ವರ್ ಈಗಲ್‌ನ "ಸೀಲ್ ಒಡೆದಿಲ್ಲ, ಅರ್ಲಿ ರಿಲೀಸಸ್ ಲೇಬಲ್ ಗ್ಯಾರಂಟಿ" ಅಂತ ಯಾರಾದರೂ ವಾಟ್ಸಾಪ್‌ನಲ್ಲಿ ತೋರಿಸಿದ್ದರೆ, ಹಣ ಕಳಿಸುವ ಮುಂಚೆ ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕಂದರೆ ಆ ಮನುಷ್ಯ ಇನ್ನೂ ಮಾರುತ್ತಲೇ ಇದ್ದಾನೆ.

ನನ್ನ ಮಗಳು ಹುಟ್ಟಿದ್ದು 2021ರಲ್ಲಿ. ಆ ವರ್ಷವೇ ಸಿಲ್ವರ್ ಈಗಲ್‌ನ ಹಿಂಬದಿ ಬದಲಾಯಿತು. 1986ರಿಂದ ಇದ್ದ ಗುರಾಣಿ ಹೊತ್ತ ಹದ್ದು ಹೋಗಿ, ಓಕ್ ಕೊಂಬೆ ಹಿಡಿದು ಇಳಿಯುತ್ತಿರುವ ಹದ್ದು ಬಂತು. ಟೈಪ್ 2 ಅನ್ನೋದು ಇದನ್ನೇ. ಇದರ ಪ್ರೂಫ್ (ಸಂಗ್ರಹಕ್ಕಂತಲೇ ಕನ್ನಡಿಯಂತೆ ಹೊಳೆಯುವ ಹಾಗೆ ಅಚ್ಚು ಹಾಕಿದ್ದು), ವೆಸ್ಟ್ ಪಾಯಿಂಟ್ ಟಂಕಸಾಲೆಯ ಡಬ್ಲ್ಯೂ ಗುರುತಿನದು, ಆ ಜುಲೈನಲ್ಲಿ ಬಿಡುಗಡೆ ಆಯಿತು. ಅದೊಂದನ್ನು, ಬಿಡುಗಡೆಯಾದ ಹೊಸದರಲ್ಲೇ ಬಂದದ್ದು ಅಂತ ಹೇಳುವ ಅರ್ಲಿ ರಿಲೀಸಸ್ ಲೇಬಲ್ ಸಮೇತ ಮಗಳಿಗೆ ಎತ್ತಿಡಬೇಕು ಅಂತ ತುಂಬಾ ಆಸೆ ಇತ್ತು. ಭಾವನ ಮಗನೂ ಅದೇ ವರ್ಷದವನು. ವಿಷಯ ಕೇಳಿ ಅವರೂ "ನನಗೂ ಒಂದು ತಗೊಂಡುಬಿಡು" ಅಂದರು. ಹಾಗಾಗಿ ಎರಡು ಬಾಕ್ಸ್.

ಈ ಲೇಬಲ್ ಹೇಗೆ ಸಿಗುತ್ತೆ ಅಂತ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತೇ ಇದೆ. ಬಿಡುಗಡೆ ಆದ 30 ದಿನದೊಳಗೆ ನಾಣ್ಯ ಗ್ರೇಡಿಂಗ್ ಕಂಪನಿಗೆ (ನಾಣ್ಯ ಪರೀಕ್ಷಿಸಿ ಅಂಕ ಕೊಡುವವರು), ಇಲ್ಲವೇ ಅವರು ಒಪ್ಪಿದ ಡೆಪಾಸಿಟರಿಗೆ (ನಾಣ್ಯ ಜೋಪಾನವಾಗಿಡುವ ಜಾಗ) ತಲುಪಿರಬೇಕು. ಎನ್‌ಜಿಸಿ ಇದನ್ನು ಅರ್ಲಿ ರಿಲೀಸಸ್ ಅನ್ನುತ್ತೆ, ಪಿಸಿಜಿಎಸ್ ಫಸ್ಟ್ ಸ್ಟ್ರೈಕ್ ಅನ್ನುತ್ತೆ. ಆ ಗಡುವು ಮುಗಿದ ಮೇಲೆ ನಮ್ಮಂಥವರಿಗೆ ಉಳಿಯೋದು ಒಂದೇ ದಾರಿ. ಮಿಂಟ್‌ನಿಂದ ಬಂದ ರಟ್ಟಿನ ಬಾಕ್ಸ್ ತೆರೆಯದೆ ಹಾಗೇ ಇರಬೇಕು, ಅದರ ಮೇಲಿನ ಅಂಚೆ ದಿನಾಂಕ ಆ 30 ದಿನದೊಳಗೆ ಬಿದ್ದಿರಬೇಕು. ನಾಣ್ಯ ನೋಡಿ ಇದು ಮೊದಲ ವಾರದ್ದು, ಇದು ಆಮೇಲಿನದು ಅಂತ ಯಾರಿಗೂ ಹೇಳೋಕೆ ಆಗಲ್ಲ. ಯಾವ ನಾಣ್ಯ ಮೊದಲು ಅಚ್ಚಾಯಿತು ಅನ್ನೋ ಲೆಕ್ಕ ತಾನು ಇಡಲ್ಲ ಅಂತ ಅಮೆರಿಕದ ಮಿಂಟೇ ಹಿಂದೆ ಹೇಳಿದೆ. ಅಂದರೆ ನಾವು ಜಾಸ್ತಿ ದುಡ್ಡು ಕೊಡೋದು ಆ ರಟ್ಟಿಗೆ, ಆ ಟೇಪಿಗೆ. ಬೆಳ್ಳಿ ಎಲ್ಲದರಲ್ಲೂ ಅದೇ ಒಂದು ಔನ್ಸ್.

ಈ ಮಾರಾಟಗಾರ ಪರಿಚಯ ಆದದ್ದು ನಮ್ಮ ಕಡೆಯ ಒಂದು ಯುಗಾದಿ ಊಟದಲ್ಲಿ. ಕನ್ನಡದವನೇ, ತುಂಬಾ ನಯವಾದ ಮಾತು. ಬಾಕ್ಸ್‌ಗಳ ಫೋಟೋ ಕಳಿಸಿದ. ಹೊರಗಿನ ಅಂಚೆ ಲೇಬಲ್ ಮೇಲೆ 2021ರ ಜುಲೈ ಕೊನೆಯ ದಿನಾಂಕ ಸ್ಪಷ್ಟವಾಗಿ ಕಾಣುತ್ತಿತ್ತು. ಸೀಲ್ ಒಡೆದಿಲ್ಲ ತಾನೇ, ಗ್ರೇಡಿಂಗ್‌ಗೆ ಕಳಿಸಬೇಕು ಅಂತ ಬಿಡಿಸಿ ಕೇಳಿದೆ. "ನೂರಕ್ಕೆ ನೂರು ಸಾರ್, ಕಣ್ಣು ಮುಚ್ಚಿಕೊಂಡು ತಗೊಳ್ಳಿ. ನಮ್ಮೋರಿಗೆ ನಾನು ಮೋಸ ಮಾಡ್ತೀನಾ?" ಈ ಮೆಸೇಜ್ ಈಗಲೂ ನನ್ನ ಫೋನಿನಲ್ಲಿದೆ. ಬಿಡಿ ಪ್ರೂಫ್ ನಾಣ್ಯಕ್ಕೆ ಕೊಡೋದಕ್ಕಿಂತ ಎಷ್ಟೋ ಜಾಸ್ತಿ ಕೊಟ್ಟು ಎರಡೂ ತಗೊಂಡೆ.

ಬಾಕ್ಸ್ ಬಂತು. ಕಿಟಕಿ ಹತ್ತಿರ ಹಿಡಿದು ನೋಡಿದರೆ ಟೇಪ್ ಎರಡು ಪದರ ಇದ್ದ ಹಾಗೆ ಕಂಡಿತು. ಮೇಲಿನದು ಹೊಳೆಯುತ್ತಿತ್ತು. ಅಡಿಯದು ಸ್ವಲ್ಪ ಹಳದಿ ತಿರುಗಿತ್ತು, ಅದರ ಮಧ್ಯೆ ಕೂದಲೆಳೆಯಷ್ಟು ಸಣ್ಣ ಗೆರೆ. ತಕ್ಷಣ ಫೋಟೋ ತೆಗೆದು ಕಳಿಸಿದೆ. "ಅಯ್ಯೋ ಸಾರ್, ಅದು ಮಿಂಟ್‌ನವರೇ ಎರಡು ಸಲ ಹಾಕೋದು, ಎಲ್ಲಾ ಬಾಕ್ಸೂ ಹಂಗೇ ಬರೋದು, ನಾನು ಎಷ್ಟೋ ಜನಕ್ಕೆ ಮಾರಿದೀನಿ, ಒಬ್ರೂ ಕೇಳಿಲ್ಲ." ವರ್ಷಗಟ್ಟಲೆ ಇದೇ ವ್ಯಾಪಾರ ಮಾಡಿಕೊಂಡು ಬಂದವನು ಇಷ್ಟು ಖಂಡಿತವಾಗಿ ಹೇಳಿದ ಮೇಲೆ ಏನು ಮಾಡೋದು? ಮಗಳ ಬಾಕ್ಸನ್ನು ಹಾಗೇ, ತೆರೆಯದೆ, ದೊಡ್ಡ ಪೆಟ್ಟಿಗೆಯಲ್ಲಿಟ್ಟು ಗ್ರೇಡಿಂಗ್‌ಗೆ ಕಳಿಸಿದೆ. ಫಾರ್ಮ್‌ನಲ್ಲಿ ಅರ್ಲಿ ರಿಲೀಸಸ್ ಬೇಕು ಅಂತ ಗುರುತು ಹಾಕಿ ಅದರ ಶುಲ್ಕವನ್ನೂ ಕಟ್ಟಿದೆ. ಭಾವನದು ಮನೆಯಲ್ಲೇ ಇತ್ತು.

ಉತ್ತರ ಬಂತು. ಬಾಕ್ಸ್ ಮೊದಲೇ ತೆರೆದು ಮತ್ತೆ ಅಂಟಿಸಿದ್ದು, ಲೇಬಲ್ ಕೊಡೋಕೆ ಬರಲ್ಲ. ಬಿಲ್ ಅಥವಾ ಪ್ಯಾಕಿಂಗ್ ಸ್ಲಿಪ್ ಕಳಿಸಿದರೆ ಆಗುತ್ತಾ ಅಂತ ಕೇಳಿದೆ, ಅದೂ ಆಗಲ್ಲ ಅಂದರು. ನಾಣ್ಯಕ್ಕೆ ಪಿಎಫ್ 69 (ಪ್ರೂಫ್, 70ಕ್ಕೆ 69 ಅಂಕ) ಬಂದಿತ್ತು, ಸಾದಾ ಲೇಬಲ್.

ಫೋನ್ ಮಾಡಿದರೆ ಅವನು ಏನಂದ ಗೊತ್ತಾ? "69 ಬಂತಲ್ಲ ಸಾರ್, ಖುಷಿ ಪಡಿ!" ನಾನು ದುಡ್ಡು ಕೊಟ್ಟಿದ್ದು ಅದಕ್ಕಲ್ಲ ಅಂದೆ. "ನಾಣ್ಯ ಅಸಲಿ ತಾನೇ? ಮಗು ಲೇಬಲ್ ನೋಡುತ್ತಾ, ನಾಣ್ಯ ನೋಡುತ್ತಾ?" ನನ್ನ ಮಗಳ ವಿಷಯ ತೆಗೆದು ನನಗೇ ಬುದ್ಧಿ ಹೇಳೋಕೆ ಬಂದ! ಎಷ್ಟು ಸಿಟ್ಟು ಬಂತು ಅಂದರೆ ಫೋನ್ ಇಟ್ಟು ಹೊರಗೆ ಹೋಗಿ ನಿಂತೆ.

ಅವತ್ತು ರಾತ್ರಿ ಭಾವನಿಗೆ ಹೇಳಿ, ಅವರ ಬಾಕ್ಸನ್ನು ವಿಡಿಯೋ ಮಾಡುತ್ತಾ ಬಿಚ್ಚಿದೆ. ಅದರಲ್ಲೂ ಎರಡು ಪದರ ಟೇಪ್, ಅದೇ ಗೆರೆ. ಒಳಗೆ ಈಗಲ್ ಇತ್ತು, ನೀಲಿ ಡಬ್ಬಿ, ಸರ್ಟಿಫಿಕೇಟ್ ಎಲ್ಲಾ ಇತ್ತು. ಆದರೆ ಬಾಕ್ಸಿನ ಅಡಿಯ ಮಡಿಕೆಯಲ್ಲಿ ಒಂದು ಚೀಟಿ ಸಿಕ್ಕಿಕೊಂಡಿತ್ತು. ಮೆಲ್ಲಗೆ ಎಳೆದು ತೆಗೆದೆ. ಪ್ಯಾಕಿಂಗ್ ಸ್ಲಿಪ್. ಅದರಲ್ಲಿ ಸಿಲ್ವರ್ ಈಗಲ್ ಅನ್ನೋ ಹೆಸರೇ ಇಲ್ಲ. ಇದ್ದದ್ದು ಪ್ರೂಫ್ ಸೆಟ್, ಅಂದರೆ ಸೆಂಟು, ನಿಕಲು, ಡೈಮು ಎಲ್ಲಾ ಇರುತ್ತಲ್ಲ, ಆ ಸೆಟ್. ಜುಲೈನಲ್ಲಿ ಯಾರೋ ತರಿಸಿದ ಪ್ರೂಫ್ ಸೆಟ್‌ನ ಖಾಲಿ ಬಾಕ್ಸ್ ಇಟ್ಟುಕೊಂಡು, ಅದರೊಳಗೆ ಎಲ್ಲಿಂದಲೋ ತಂದ ಬಿಡಿ ಈಗಲ್ ಹಾಕಿ ಟೇಪ್ ಹೊಡೆದಿದ್ದಾನೆ. ಹೊರಗಿನ ದಿನಾಂಕ ನಿಜ. ಬಾಕ್ಸೂ ನಿಜ. ಎರಡಕ್ಕೂ ಈ ನಾಣ್ಯಕ್ಕೂ ಸಂಬಂಧವೇ ಇಲ್ಲ. ಹೊರಗಿನ ಲೇಬಲ್ ಮೇಲೆ ಒಳಗೇನಿದೆ ಅಂತ ಬರೆದಿರಲ್ಲ, ಇವನಿಗೆ ಬೇಕಾದದ್ದೂ ಅದೇ. ವಿಡಿಯೋದಲ್ಲಿ ನೋಡುತ್ತಿದ್ದ ಭಾವ ಏನೂ ಮಾತಾಡಲಿಲ್ಲ. "ಹೋಗಲಿ ಬಿಡು" ಅಂದರು ಅಷ್ಟೇ. ಬೈದಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ.

ಚೀಟಿಯ ಫೋಟೋ ಅವನಿಗೆ ಕಳಿಸಿದೆ. ಮೊದಲು, "ಮಿಂಟ್‌ನವರು ತಪ್ಪಾಗಿ ಹಾಕಿರಬಹುದು ಸಾರ್." ಆಮೇಲೆ, "ನಾನೂ ಬೇರೆಯವರ ಹತ್ರ ತಗೊಂಡಿದ್ದು, ನನಗೆ ಹೆಂಗೆ ಗೊತ್ತಾಗಬೇಕು?" ಹಾಗಾದರೆ ಟೇಪ್ ಮಿಂಟ್‌ನವರೇ ಹಾಕಿದ್ದು ಅಂತ ಅವತ್ತು ಹೇಗೆ ಹೇಳಿದಿರಿ ಅಂತ ಕೇಳಿದೆ. ಅದಕ್ಕೆ ಉತ್ತರ ಇಲ್ಲ. ಬದಲಿಗೆ, "ನೀವೇ ತೆಗೆದು ಬದಲಾಯಿಸಿಲ್ಲ ಅನ್ನೋಕೆ ಏನು ಸಾಕ್ಷಿ?" ಓದಿ ಕೈ ನಡುಗಿತು. ಕೊನೆಗೆ, "ಸಾರ್, ದಯವಿಟ್ಟು ಗ್ರೂಪಲ್ಲಿ ಹಾಕಬೇಡಿ, ನಮ್ಮೋರ ಮಧ್ಯೆ ನನ್ನ ಹೆಸರು ಕೆಡುತ್ತೆ." ದುಡ್ಡು ವಾಪಸ್ ಕೊಡಿ ಅಂದೆ. ಬ್ಲಾಕ್ ಮಾಡಿದ.

ಕಾರ್ಡಿನಲ್ಲಿ ಕಟ್ಟಿದ್ದರಿಂದ ಕಾರ್ಡ್ ಕಂಪನಿಗೆ ದೂರು ಕೊಟ್ಟು ವಿಡಿಯೋ, ಚೀಟಿ, ಅವನ ಮೆಸೇಜ್ ಎಲ್ಲಾ ಹಾಕಿದ್ದೇನೆ. ಇನ್ನೂ ತೀರ್ಮಾನ ಆಗಿಲ್ಲ. "ನಾಣ್ಯ ಅಸಲಿ, 69 ಗ್ರೇಡ್ ಬಂದಿದೆ, ಗ್ರಾಹಕರಿಗೆ ನಷ್ಟ ಆಗಿಲ್ಲ" ಅಂತ ಅಲ್ಲೂ ಬರೆದಿದ್ದಾನೆ.

ನೀವು ತಗೊಳ್ಳೋದಾದರೆ ಬಾಕ್ಸಿನ ಆರೂ ಬದಿಯ ಫೋಟೋ ಕೇಳಿ, ಟೇಪಿನದು ಹತ್ತಿರದಿಂದ, ಬೆಳಕು ಓರೆಯಾಗಿ ಬೀಳೋ ಹಾಗೆ. ಲೇಬಲ್ ಸಿಗದಿದ್ದರೆ ಪೂರ್ತಿ ಹಣ ವಾಪಸ್ ಅಂತ ಮೊದಲೇ ಬರೆಸಿಕೊಳ್ಳಿ, ಕಾರ್ಡಿನಲ್ಲೇ ಕಟ್ಟಿ. ನನ್ನ ಕೇಳಿದರೆ, ಆಗಲೇ ಗ್ರೇಡ್ ಆಗಿ, ಕಂಪನಿಯೇ ಸೀಲ್ ಮಾಡಿದ ಪ್ಲಾಸ್ಟಿಕ್ ಡಬ್ಬಿ, ಅಂದರೆ ಸ್ಲ್ಯಾಬ್‌ನಲ್ಲಿ ಲೇಬಲ್ ಸಮೇತ ಇರೋದನ್ನೇ ತಗೊಂಡು, ಅದರ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಈ ಬಾಕ್ಸಿನ ವ್ಯವಹಾರವೇ ಬೇಡ. ನಮ್ಮೋರು ಅಂತ ನಂಬಲೇಬೇಡಿ.

ಅದೇ ಫೋಟೋಗಳು ಈ ವಾರ ಇನ್ನೊಂದು ಗ್ರೂಪಿನಲ್ಲಿ ಬಂದಿವೆ ಅಂತ ಸ್ನೇಹಿತರೊಬ್ಬರು ತೋರಿಸಿದರು. ಜುಲೈ ಕೊನೆಯ ದಿನಾಂಕ, ಎಡಮೂಲೆ ಸ್ವಲ್ಪ ಜಜ್ಜಿದ ಬಾಕ್ಸ್. ನಿಮಗೂ ಬಂದಿದ್ದರೆ ದುಡ್ಡು ಕೊಡುವ ಮುಂಚೆ ನನಗೊಂದು ಮೆಸೇಜ್ ಹಾಕಿ. ಟೇಪಿನ ಫೋಟೋ, ವಿಡಿಯೋ ಎರಡೂ ಕಳಿಸುತ್ತೇನೆ, ಪಕ್ಕದಲ್ಲಿಟ್ಟು ನೋಡಿ.